ರೆಫರಿ ಕೊಟ್ಟ ಕಲ್ಲು

ಮೂಡಿಗೆರೆಯಲ್ಲಿ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ ನಡೆಸಲು ಹೊರಟ ನನಗೆ ರೆಫರಿಗಳೇ ಸಿಗಲಿಲ್ಲ. ಕೊನೆಗೆ, ಸಾಮಾನು ತಂದಿಳಿಸಿದ ಬಾಳೂರಿನ ಜೀಪ್ ಡ್ರೈವರ್ ಸುಬ್ಬಣ್ಣನವರನ್ನೇ ಕೇಳಿದೆ.

"ನಂಗೆ ಕಂಪ್ಯೂಟರ್ ಎಲ್ಲ ಗೊತ್ತಿಲ್ಲ ಮೇಡಂ."

"ಬೇಡ ಸುಬ್ಬಣ್ಣ. ಓಡ್ತಿರೋ ರೋಬೋಟನ್ನ ಯಾರೂ ಮುಟ್ಟಬಾರದು. ಮುಟ್ಟಿದ್ರೆ ಸೀಟಿ ಊದಿ, ಅಷ್ಟೇ."

ಫೈನಲ್ ಬಂತು. ಕಳಸದ ಹುಡುಗಿಯರ ರೋಬೋಟ್ ಇಳಿಜಾರು ಹಲಗೆ ಹತ್ತುತ್ತಿತ್ತು. ತುದಿಗೆ ಇನ್ನೊಂದೇ ಗೇಣು! ಶಾಲೆಯ ಹಾಲ್‌ ಪೂರ್ತಿ ಎದ್ದು ನಿಂತು ಕೂಗುತ್ತಿತ್ತು, ನಾನೂ ಕೂಗುತ್ತಿದ್ದೆ. ಅಷ್ಟರಲ್ಲಿ ಅದು ಹಿಂದಕ್ಕೆ ಜಾರತೊಡಗಿತು.

"ಏಯ್, ಚಕ್ರಕ್ಕೆ ಕಲ್ಲು ಕೊಡ್ರೋ!"

ಎಸ್ಟೇಟಿನ ಏರಿನಲ್ಲಿ ಜೀಪು ಜಾರಿದಾಗ ಕೂಗುವ ಹಾಗೆಯೇ ಕೂಗಿದ ಸುಬ್ಬಣ್ಣ, ಯಾರನ್ನೂ ಕಾಯದೆ, ಬೋರ್ಡ್ ಒರೆಸುವ ಡಸ್ಟರನ್ನು ರೋಬೋಟಿನ ಹಿಂದಿನ ಚಕ್ರಕ್ಕೆ ಕೊಟ್ಟೇಬಿಟ್ಟರು. ರೋಬೋಟ್ ನಿಂತಿತು. ಕೂಗೂ ನಿಂತಿತು. ಅವರು ತಮ್ಮ ಕೈ ನೋಡಿಕೊಂಡರು, ನನ್ನ ಮುಖ ನೋಡಿದರು, ಆಮೇಲೆ ತಮಗೆ ತಾವೇ ಜೋರಾಗಿ ಸೀಟಿ ಊದಿಕೊಂಡರು.

ಮುಟ್ಟಿದ್ದು ರೆಫರಿಯೇ ಆದ್ದರಿಂದ ಇನ್ನೊಂದು ಅವಕಾಶ ಕೊಟ್ಟೆ. ಮತ್ತೆ ಓಡಿಸಿದಾಗ ಹುಡುಗಿಯರು ಹತ್ತಿಸಿಯೇ ಗೆದ್ದರು.

"ತಪ್ಪಾಯ್ತು ಮೇಡಂ," ಅಂದರು ಸುಬ್ಬಣ್ಣ, ಸೀಟಿ ವಾಪಸ್ ಕೊಡದೆ. "ಮುಂದಿನ ಸಲ ನಮ್ಮ ಜೀಪ್ ಸ್ಟ್ಯಾಂಡಿನವರನ್ನೆಲ್ಲ ಕರ್ಕೊಂಡು ಬರ್ತೀನಿ."

ಬರಲಿ, ಎಲ್ಲರೂ ಬರಲಿ. ಡಸ್ಟರುಗಳನ್ನು ಮಾತ್ರ ಮೊದಲೇ ಬೀರುವಿಗೆ ಹಾಕಿ ಬೀಗ ಜಡಿಯುತ್ತೇನೆ.