ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಪಡೆದ ರಿಸೀವರ್

ಹೋಮ್ ಥಿಯೇಟರ್ ಮಾಡಿಸಬೇಕೆಂದು ನಾನು ಹೊರಟದ್ದು ಅಪ್ಪನಿಗೋಸ್ಕರ. ಅಪ್ಪನಿಗೆ ಸಿನಿಮಾ ಅಂದರೆ ಪ್ರಾಣ. ಹಾಡು ಬಂದರೆ ತಲೆಯಾಡಿಸುತ್ತಾನೆ, ಹೊಡೆದಾಟ ಬಂದರೆ ತೊಡೆ ತಟ್ಟುತ್ತಾನೆ. ಆದರೆ ಎರಡು ಮೂರು ವರ್ಷಗಳಿಂದ, ಮಾತು ಶುರುವಾದ ಕೂಡಲೇ ಮುಖ ಸಪ್ಪಗಾಗಿ ಪಕ್ಕಕ್ಕೆ ತಿರುಗುತ್ತಿದ್ದ. "ಏನಂದ? ಈಗ ಏನಂದ ಅವ್ನು?"

ಜನವರಿಯ ಒಂದು ಭಾನುವಾರ ಬೇಕೆಂದೇ ಪೂರ್ತಿ ಸಿನಿಮಾ ಅವನ ಪಕ್ಕ ಕೂತು ನೋಡಿದೆ. "ಏನಂದ" ಎಂದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಹಾಕಿದೆ. ಮೂವತ್ತೊಂದು ಗೀಟು. ತಪ್ಪು ಟಿ.ವಿ.ಯದು ಎಂದು ಅದೇ ದಿನ ಕೆಳಗೆ ಬರೆದೆ.

ಹಾಗೆ ಬರೆಯಲು ಕಾರಣವಿತ್ತು. ಅಪ್ಪ ದನದ ದಲ್ಲಾಳಿ. ಮಾಗಡಿ ಸುತ್ತಿನ ಸಂತೆಗಳಲ್ಲಿ ಈಗಲೂ ಎತ್ತಿನ ವ್ಯಾಪಾರ ಕುದುರಿಸುತ್ತಾನೆ. ಅಂಥ ಗದ್ದಲದಲ್ಲಿ ವ್ಯವಹಾರ ಮಾಡುವವನ ಕಿವಿಯ ಮೇಲೆ ಅನುಮಾನ ಪಡುವುದು ನನಗೆ ಹೊಳೆಯಲೇ ಇಲ್ಲ. ನಾನು ಮನೆಯಲ್ಲಿರುವುದೂ ಕಡಿಮೆ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಭಾಗಗಳನ್ನು ಅಳೆದು ಸರಿ, ತಪ್ಪು ಎಂದು ಬೇರ್ಪಡಿಸುವುದು ನನ್ನ ಕೆಲಸ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು, ಶನಿವಾರ ಸಂಜೆ ಬಸ್ಸು ಹಿಡಿದು ಮಾಗಡಿಗೆ ಬರುತ್ತೇನೆ.

ಹೋಮ್ ಥಿಯೇಟರಿನ ಕೆಲಸದಲ್ಲಿ ನನಗೆ ಜೊತೆಯಾದವಳು ಅಕ್ಕ. ಕನಕಪುರಕ್ಕೆ ಮದುವೆಯಾಗಿ ಹೋದವಳು. ಚಿಕ್ಕಂದಿನಿಂದ ನನ್ನ ಲೆಕ್ಕ, ಪಟ್ಟಿಗಳನ್ನು ನೋಡಿ ನಗದೆ ಇದ್ದವಳು ಅವಳೊಬ್ಬಳೇ. ಸ್ಪೀಕರ್ ಆಮೇಲೆ ನೋಡೋಣ, ಮೊದಲು ರಿಸೀವರ್ ಆರಿಸಬೇಕು ಎಂದು ಅವಳಿಗೆ ವಿವರಿಸಿದೆ. ಸಿನಿಮಾದ ಸದ್ದನ್ನು ಬಿಡಿಸಿ ಯಾವ ಸ್ಪೀಕರಿಗೆ ಏನು ಹೋಗಬೇಕೆಂದು ಹಂಚುವುದು ಅದೇ. ಮಾತು ನಡುವಿನ ಸ್ಪೀಕರಿಗೆ ಹೋಗುತ್ತದೆ, ಮಳೆ, ಗಾಡಿ, ಜನದ ಗದ್ದಲ ಸುತ್ತಲಿನವಕ್ಕೆ. ಒಳ್ಳೆಯ ರಿಸೀವರ್ ಮಾತನ್ನು ಗದ್ದಲದಿಂದ ಮೇಲೆತ್ತಿ ಕೊಡಬೇಕು.

"ಅಂಗಾದ್ರೆ ಅಪ್ಪನ ಕೂರ್ಸಿ ಪರೀಕ್ಷೆ ಮಾಡ್ಬುಡು," ಎಂದಳು ಅಕ್ಕ. "ಸುಮ್ನೆ ಚೆನ್ನಾಗೈತಾ ಅಂತ ಕೇಳುದ್ರೆ ಎಲ್ಲಾದುಕ್ಕೂ ಚೆನ್ನಾಗೈತೆ ಅಂತದೆ. ನಂಬರ್ ಹೇಳ್ಸು. ತಿರುಗಿ ಹೇಳ್ಲಿ."

ಆ ಮಾತು ಕೇಳಿ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ನನ್ನ ಹಾಗೆ ಯೋಚಿಸುವವರು ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅಂದುಕೊಂಡೆ.

ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಅಡ್ಡಾದಿಡ್ಡಿಯಾಗಿ ಅಕ್ಕನ ದನಿಯಲ್ಲೇ ರೆಕಾರ್ಡ್ ಮಾಡಿದೆ. ಸಂತೆಗೆ ಹೋಗಿ ಅಲ್ಲಿಯ ಗದ್ದಲವನ್ನೂ ಹಿಡಿದು ತಂದೆ. ನಡುವಿನ ಸ್ಪೀಕರಿನಲ್ಲಿ ಅಕ್ಕನ ಅಂಕಿ, ಸುತ್ತ ಸಂತೆ. ಒಂದೊಂದು ರಿಸೀವರಿಗೂ ಇಪ್ಪತ್ತು ಅಂಕಿ.

ರಾಮನಗರದಲ್ಲಿ, ಮೈಸೂರು ರಸ್ತೆಯ ಮೇಲಿನ ಒಂದು ಅಂಗಡಿಯಲ್ಲಿ ಸದ್ದು ಕೇಳಿಸಿ ತೋರಿಸುವ ಕೋಣೆಯಿತ್ತು. ಮೂರು ಭಾನುವಾರ ಅಲ್ಲಿಗೆ ಹೋದೆವು. ನಾನು ಮತ್ತು ಅಪ್ಪ ಮಾಗಡಿಯಿಂದ, ಅಕ್ಕ ಕನಕಪುರದಿಂದ. ಮೊದಲನೆಯ ದಿನವೇ ಅಂಗಡಿಯವನು ಮೂರು ರಿಸೀವರ್ ಸಾಲಾಗಿ ಇಟ್ಟಿದ್ದ. ಮೊದಲನೆಯದು ಕಪ್ಪು, ಎರಡನೆಯದು ಬೆಳ್ಳಿ ಬಣ್ಣದ್ದು. ಮೂರನೆಯದು ಕಪ್ಪೇ ಆದರೂ ಎತ್ತರವಾಗಿ, ಮುಂದೆ ಒಂದೇ ಒಂದು ದಪ್ಪ ತಿರುಗಣೆ ಇದ್ದದ್ದು.

"ಇದನ್ನ ತಗೊಂಡೋಗಿ ಸಾರ್, ಪಕ್ಕದ್ಮನೆಯೋರ್ಗೂ ಟಿಕೆಟ್ ಮಾರ್ಬೋದು," ಎಂದ ಅಂಗಡಿಯವನು.

ಅಪ್ಪ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. ಮೂರನೆಯದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದ. "ಗೊಬ್ರದ ಮಂಕ್ರಿ ಇದ್ದಂಗೈತೆ ಕಣ್ಲಾ. ಮುಂದ್ಗಡೆ ಬರೀ ಮುಖ, ಒಸಿ ಇಂದ್ಗಡೆ ತಿರುಗ್ಸು." ಹಿಂದೆ ತಂತಿ ಸಿಗಿಸುವ ಸಾಲು ಸಾಲು ತೂತುಗಳನ್ನು ಬೆರಳಿನಲ್ಲಿ ಸವರಿ ಹೂಂಗುಟ್ಟಿದ. ನನಗೂ ಆ ಮೂರನೆಯದರ ಮೇಲೇ ಮನಸ್ಸು. ತಿರುಗಣೆಯನ್ನು ತಿರುಗಿಸಿದರೆ ಬೆಣ್ಣೆಯಲ್ಲಿ ತಿರುಗಿದ ಹಾಗಿತ್ತು. ಆದರೆ ಮನಸ್ಸಿನ ಮಾತು ಕೇಳಬಾರದು, ಅಂಕದ ಮಾತು ಕೇಳಬೇಕು ಎಂದು ನಿರ್ಧರಿಸಿದ್ದೆ. ಆ ಆಸೆಯನ್ನು ಯಾರಿಗೂ ಹೇಳಲಿಲ್ಲ.

ವಾರಕ್ಕೊಂದರಂತೆ ಪರೀಕ್ಷೆ. ಕೋಣೆಯಲ್ಲಿ ಎ.ಸಿ. ಚಳಿ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತೊಡೆ ಮೇಲೆ ಹರಡಿಕೊಂಡ. ಅಕ್ಕ ಅವನ ಎಡಕ್ಕೆ ಒತ್ತಿ ಕೂತು ತಾನೂ ಒಂದು ಕೈಯನ್ನು ಟವೆಲ್ಲಿನೊಳಗೆ ಬೆಚ್ಚಗಿಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಪೆನ್ನು. ನಾನು ರಿಸೀವರಿನ ಹತ್ತಿರ, ಅವರಿಗೆ ಅರ್ಧ ಬೆನ್ನು ಮಾಡಿ ನಿಂತಿದ್ದೆ. ಅಂಕಿ ಬರುತ್ತಿತ್ತು, ಅಪ್ಪ ತಿರುಗಿ ಹೇಳುತ್ತಿದ್ದ, ಅಕ್ಕ ಗುರುತು ಹಾಕುತ್ತಿದ್ದಳು. ಕಪ್ಪಿಗೆ ಹದಿನಾಲ್ಕು. ಬೆಳ್ಳಿಗೆ ಹದಿನಾರು. ಮೂರನೆಯದಕ್ಕೆ ಹತ್ತೊಂಬತ್ತು.

"ಒಂದೇ ಒಂದು ತಪ್ಪಾಯ್ತಲ್ಲಪ್ಪ!" ಎಂದು ಅಕ್ಕ ನಕ್ಕಳು.

"ಅದು ನೀನು ತೊದ್ಲಿದ್ದು," ಎಂದ ಅಪ್ಪ.

ಮೂರನೆಯದನ್ನೇ ಕೊಂಡೆವು. ಆವತ್ತಿನ ಪುಟದಲ್ಲಿ "ಊಹೆಯಿಂದಲ್ಲ, ಪರೀಕ್ಷೆಯಿಂದ" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮೇಲಿನ ಕೋಣೆಯಲ್ಲಿ ಸ್ಪೀಕರ್ ಕೂರಿಸಿ, ತಂತಿ ಎಳೆದು ಮುಗಿಸುವ ಹೊತ್ತಿಗೆ ಏಪ್ರಿಲ್. ಅಪ್ಪ ಕೂರುವ ಜಾಗದಲ್ಲಿ ಪುಟ್ಟ ಮೈಕ್ ನಿಲ್ಲಿಸಿದರೆ ರಿಸೀವರ್ ತಾನೇ ಒಂದೊಂದು ಸ್ಪೀಕರಿನಿಂದ ಸದ್ದು ಬಿಟ್ಟು ಕೋಣೆಯನ್ನೆಲ್ಲ ಅಳೆದುಕೊಂಡಿತು. ಮಾತಿನ ಮಟ್ಟವನ್ನು ಇನ್ನೂ ಸರಿ ಮಾಡೋಣವೆಂದು ಅದೇ ಇಪ್ಪತ್ತು ಅಂಕಿಗಳ ರೆಕಾರ್ಡ್ ಹಾಕಿದೆ. ಅಕ್ಕ ಕನಕಪುರದಲ್ಲಿದ್ದಳು. ಕೋಣೆಯಲ್ಲಿ ನಾನು, ಅಪ್ಪ ಇಬ್ಬರೇ.

ಏಳು ಎಂದಿತು ಸ್ಪೀಕರ್. ಅಪ್ಪ ಸುಮ್ಮನಿದ್ದ. ಎರಡು. "ನಾಲ್ಕು," ಎಂದ. ಒಂಬತ್ತು. "ನಾಲ್ಕೇ." ಸದ್ದು ಏರಿಸಿದೆ. ಕಿಟಕಿ ನಡುಗುವಷ್ಟು ಏರಿಸಿದೆ. ಇಪ್ಪತ್ತರಲ್ಲಿ ಮೂರು ಸರಿಯಾದವು, ಅವೂ ಊಹೆಗೆ ಸಿಕ್ಕಂಥವು. ಯಾವುದೋ ತಂತಿ ಕಳಚಿರಬೇಕೆಂದು ಹಿಂದೆ ಬಗ್ಗಿ ನೋಡಿ, ಮತ್ತೆ ತಿರುಗಿದಾಗ ಅಪ್ಪನ ಎಡಗೈ ಕಂಡಿತು. ತೊಡೆಯ ಪಕ್ಕ, ಇಲ್ಲೂ ತೊಡೆ ಮೇಲೆ ಹರಡಿಕೊಂಡಿದ್ದ ಟವೆಲ್ಲಿನ ಅಂಚಿನ ಕೆಳಗೆ, ಅಂಗೈ ಮೇಲೆ ಮಾಡಿಕೊಂಡು, ಬೆರಳು ಬಿಡಿಸಿಕೊಂಡು ಕಾಯುತ್ತಿತ್ತು.

ಸಂತೆಯಲ್ಲಿ ದನದ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಮತ್ತು ಗಿರಾಕಿ ಟವೆಲ್ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳಿಗೆ ಒಂದು, ಅಂಗೈ ಪೂರ್ತಿ ಹಿಡಿದರೆ ಐದು, ಅದುಮಿ ಮತ್ತೆ ಒಂದು ಬೆರಳು ಹಿಡಿದರೆ ಆರು. ಸುತ್ತ ನೂರು ಜನ ನಿಂತಿದ್ದರೂ ಆ ಇಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಾಗುವುದಿಲ್ಲ. ಚಿಕ್ಕವರಿದ್ದಾಗ ಅಪ್ಪ ನಮ್ಮಿಬ್ಬರಿಗೂ ಆಟವೆಂದು ಅದನ್ನು ಕಲಿಸಿದ್ದ. ಅಕ್ಕ ಬೇಗ ಕಲಿತಳು.

ಸದ್ದು ನಿಲ್ಲಿಸಿದೆ. ಅಪ್ಪನ ಎಡಕ್ಕೆ ಕೂತೆ. ಟವೆಲ್ ಕೆಳಗೆ ಕೈ ಹಾಕಿ ಅವನ ಮೂರು ಬೆರಳು ಹಿಡಿದೆ.

"ಮೂರು," ಎಂದ ಅಪ್ಪ, ಗೋಡೆ ನೋಡುತ್ತ, ತಟ್ಟನೆ.

ಆಮೇಲೆ ನನ್ನ ಕಡೆ ತಿರುಗಿದ. ನಾನು ಕೈ ಬಿಡಲಿಲ್ಲ. ಅವನು ಮೆಲ್ಲಗೆ ಬಿಡಿಸಿಕೊಂಡು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ನಿನ್ ಹಿಡ್ತ ಸರಿಗಿಲ್ಲ ಕಣ್ಲಾ. ನಿಮ್ಮಕ್ಕಂದು ಸಲೀಸು," ಎಂದು ಮೆಟ್ಟಿಲಿಳಿದು ಹೋದ.

ಕಿವಿ ಬೇಡದ ವ್ಯಾಪಾರದಲ್ಲಿ ಅವನು ಎಷ್ಟು ವರ್ಷದಿಂದ ಕಿವಿ ಕೇಳದೆಯೇ ಇದ್ದನೋ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ಟವೆಲ್ ಒಳಗೆ ನಿನ್ನ ಕೈ ಬೆಚ್ಚಗಿತ್ತಾ?"

ಅವಳಿಗೆ ಅರ್ಥವಾಯಿತು. "ಅಪ್ಪ ಹೇಳ್ಬುಡ್ತಾ?"

"ನಾನು ಬೆರಳು ಹಿಡಿದೆ. ಹೇಳಿದ."

"ಕೋಪ ಮಾಡ್ಕಬ್ಯಾಡ ಕಣೋ. ಅಪ್ಪನೇ ಕೈ ಹಿಡ್ಕಂಡು ಕೇಳ್ಕಂತು. ದಲ್ಲಾಳಿ ಕಿವುಡ ಅಂತ ಸಂತೆಲಿ ಗೊತ್ತಾದ್ರೆ ಯಾವನು ಹತ್ರ ಬತ್ತಾನೆ?"

"ಸಂತೆಗೆ ಹೇಳ್ಬೇಡ. ನಂಗೆ ಹೇಳ್ಬೋದಿತ್ತಲ್ಲ?"

"ನಿಂಗೇಳುದ್ರೆ ನೀನು ಸುಮ್ಕಿರ್ತಿದ್ದಾ? ತಾರೀಕು ಬರ್ದು, ಗೀಟು ಹಾಕಿ, ಮಾರ್ನೇ ದಿನ್ವೇ ಆಸ್ಪತ್ರೆಗೆ ಎಳ್ಕಂಡೋಗ್ತಿದ್ದೆ."

ಅದು ನಿಜ. ನಿಜವಾದ್ದರಿಂದಲೇ ಹೆಚ್ಚು ಉರಿಯಿತು. "ಅವ್ವನಿಗೆ ಗೊತ್ತಾ?"

"ಅವ್ವನಿಗೆ ಗೊತ್ತಿಲ್ದೆ ಇರ್ತದಾ?"

ಇನ್ನೊಂದೇ ಪ್ರಶ್ನೆ ಉಳಿದಿತ್ತು. ಮೂರಕ್ಕೂ ಬೇರೆ ಬೇರೆ ಅಂಕ ಬಂದದ್ದು ಹೇಗೆ?

"ಎಲ್ಲಾದುಕ್ಕೂ ಒಂದೇ ಬಂದಿದ್ರೆ ನೀನು ನಂಬ್ತಿರ್ಲಿಲ್ಲ," ಎಂದಳು. "ಆ ಮೂರ್ನೇದ್ರ ತಿರುಗಣೆ ಮುಟ್ದಾಗೆಲ್ಲ ನಿನ್ನ ಮುಖ ಒಂಥರಾ ಅರಳ್ತಿತ್ತು. ನಿಂಗೆ ಬೇಕಾದ್ದು ಅದು ಅಂತ ಗೊತ್ತಾಯ್ತು. ಅದುಕ್ಕೇ ಅದುನ್ನ ಗೆಲ್ಸ್ದೆ."

ಫೋನ್ ಇಟ್ಟೆ. ಅಪ್ಪ ಮುಚ್ಚಿಟ್ಟದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಅದು ಅವನ ಕಿವಿ, ಅವನ ಸಂತೆ. ಅಕ್ಕ ಮಾಡಿದ್ದು ಬೇರೆ. ಪರೀಕ್ಷೆ ಮಾಡು ಎಂದವಳು ಅವಳು, ಅಂಕಿ ಓದಿದವಳು ಅವಳು, ಗುರುತು ಹಾಕಿದವಳು ಅವಳು. ನನಗೆ ಗೊತ್ತಿರುವ ಒಂದೇ ಒಂದು ಪ್ರಾಮಾಣಿಕ ದಾರಿಯನ್ನು ಹಿಡಿದು, ಅದರಲ್ಲೇ ನನ್ನನ್ನು ನಡೆಸಿಕೊಂಡು ಹೋಗಿ, ನನ್ನ ಆಸೆಯನ್ನೇ ಪರೀಕ್ಷೆಯ ಫಲಿತಾಂಶವೆಂದು ಕೈಗಿಟ್ಟಿದ್ದಳು. ನಾನು ಅದಕ್ಕೆ ಗೆರೆ ಬೇರೆ ಎಳೆದಿದ್ದೆ.

ಎರಡು ವಾರ, ಊರಿಗೆ ಬಂದಾಗಲೂ, ಮೇಲಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮನೆಯಲ್ಲಿ ಯಾರು "ಹೂಂ" ಎಂದರೂ ನಂಬಿಕೆ ಬರುತ್ತಿರಲಿಲ್ಲ. ಊಟ ಆಯ್ತಾ ಎಂದು ಕೇಳಿದಾಗ ಅಪ್ಪ ಆಯ್ತು ಎಂದರೆ, ಕೇಳಿಸಿಕೊಂಡು ಹೇಳಿದನೋ, ತುಟಿ ನೋಡಿ ಹೇಳಿದನೋ ಎಂದು ಅವನನ್ನೇ ನೋಡುತ್ತಿದ್ದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಎದುರಿಗೆ ಕೂತು, ಜೋರಾಗಿ, ನಿಧಾನವಾಗಿ ಹೇಳಿದೆ: ರಾಮನಗರದಲ್ಲಿ ಕಿವಿ ಡಾಕ್ಟರ್ ಇದ್ದಾರೆ, ಹೋಗೋಣ. ಅಪ್ಪ ಬಹಳ ಹೊತ್ತು ಟವೆಲ್ಲಿನ ನೂಲು ಕೀಳುತ್ತಿದ್ದ.

"ನಿಮ್ಮಕ್ಕ ಬಂದ್ರೆ ಬತ್ತೀನಿ," ಎಂದ.

ನನಗೇ ಬೇಡವಾಗಿದ್ದ ಅಕ್ಕನನ್ನು ನಾನೇ ಫೋನ್ ಮಾಡಿ ಕರೆದೆ.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಪುಟ್ಟ ಕೋಣೆಗೆ ದಪ್ಪ ಬಾಗಿಲಿತ್ತು. ಪರೀಕ್ಷೆ ಮಾಡುವ ಹುಡುಗಿ ಬಂದು, ವಯಸ್ಸಾದವರ ಜೊತೆ ಒಬ್ಬರು ಒಳಗೆ ಬರಬಹುದು ಎಂದಳು. ನಾನು ಎದ್ದು ನಿಂತೆ. ಅಪ್ಪ ನನ್ನನ್ನು ದಾಟಿ ಅಕ್ಕನ ಕಡೆ ಕೈ ತೋರಿಸಿದ.

ಅಕ್ಕ ನನ್ನ ಮುಖ ನೋಡಿದಳು. ತನ್ನ ಚೀಲ ತೆಗೆದು ನನ್ನ ಕೈಗೆ ಕೊಟ್ಟು, "ದೂರದಲ್ಲೇ ಕೈ ಕಟ್ಕಂಡು ನಿಂತ್ಕತೀನಿ ಕಣೋ. ಆಣೆ," ಎಂದಳು.

ಬಾಗಿಲು ಮುಚ್ಚಿತು. ಒಳಗಿನ ಒಂದು ಸದ್ದೂ ಹೊರಗೆ ಬರಲಿಲ್ಲ. ನಾನು ಅವಳ ಆಣೆಯನ್ನು ನಂಬಲಿಲ್ಲ. ಆದರೂ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ.