ಮಥುರಾಬಾಯಿ ಹಿಡಿದ ಹಗ್ಗ

ಬೆಳಕು ಹರಿಯುವ ಮೊದಲೇ ಮಥುರಾಬಾಯಿ ಅಂಗಳ ಸಾರಿಸಿದ್ದಳು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿದ್ದಳು, ಎಮ್ಮೆ ಹಿಂಡಿದ್ದಳು, ಮಜ್ಜಿಗೆ ಕಡೆದಿದ್ದಳು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದಳು. ಹಿತ್ತಾಳೆ ಚೆಂಬಿನಲ್ಲಿ ಕೆಂಡ ತುಂಬಿ ಗಂಡನ ಖಾಕಿ ಅಂಗಿಯ ಸುಕ್ಕು ತೀಡಿದ್ದಳು. ಎಲ್ಲ ದಿನಾ ಮಾಡುವ ಕೆಲಸವೇ. ಆದರೆ ಇವತ್ತು ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇವತ್ತು ಅವಳೂ ಕ್ಯಾಂಪಿಗೆ ಹೋಗುವವಳು!

ಗಂಡ ನರಸಿಂಹ ಜೇವರ್ಗಿಯ ಸ್ಕೌಟ್ ಮಾಸ್ತರ. ಪೊಲೀಸ್ ಕಾರ್ಯಾಚರಣೆಯ ಹಿಂದುಮುಂದಿನ ಗಲಾಟೆಯ ದಿನಗಳಲ್ಲಿ ಸ್ಕೌಟ್ ಪಡೆ ಚದುರಿ, ಡೇರೆಗಳು ಮೂಲೆ ಸೇರಿದ್ದವು. ಈಗ ೧೯೪೮ರ ಡಿಸೆಂಬರ್. ಊರು ಆಗಷ್ಟೇ ನೆಮ್ಮದಿಯ ಉಸಿರು ಬಿಡುತ್ತಿತ್ತು. ಹೊಸ ಹುಡುಗರು ಸೇರಬೇಕಾದರೆ ಮೊದಲು ಮನೆಮಂದಿ ಬಂದು ನೋಡಲಿ ಎಂದು ಮಾಸ್ತರ ಭೀಮಾ ಹೊಳೆಯ ದಂಡೆಯಲ್ಲಿ ಒಂದು ಹಗಲಿನ ಕ್ಯಾಂಪು ಗೊತ್ತು ಮಾಡಿದರು. ಮನೆಮನೆಗೆ ಹೋಗಿ ಕರೆದವಳು ಮಾತ್ರ ಮಥುರಾಬಾಯಿ.

"ಮನ್ಯಾಗ ಬಡಿಯೂ ರೊಟ್ಟಿ ಹೊಳಿದಂಡ್ಯಾಗ ಬಡಿಯೂದು, ಅಷ್ಟ ಅಲ್ಲೇನ್ ಬೇ?" ಎಂದು ನಕ್ಕಿದ್ದಳು ಗೋಡೆ ಕಟ್ಟುವ ಗೌಂಡಿ ಬೀರಣ್ಣನ ಹೆಂಡತಿ ಸಾಬಮ್ಮ. ಮಸೀದಿ ಓಣಿಯ ಖಾಸೀಂಬಿ ಬಾಗಿಲನ್ನು ಅರ್ಧವಷ್ಟೇ ತೆರೆದು, ಮಗನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡೇ ಕೇಳಿದ್ದಳು. ಇಬ್ಬರಿಗೂ ಮಥುರಾಬಾಯಿ ಒಂದೇ ಮಾತು ಕೊಟ್ಟಿದ್ದಳು: "ಅವತ್ತ ಯಾವ ಹೆಣ್ಮಗಳೂ ಒಲಿ ಮುಂದ ಕೂಡಂಗಿಲ್ಲ. ಅಡಗಿ ಹುಡುಗರ ಮಾಡ್ತಾರ. ನನ್ನ ಮಾತ ಸುಳ್ಳಾದ್ರ ಮಗನ್ನ ಕಳಸಬ್ಯಾಡ್ರಿ."

ಹೊಳೆದಂಡೆಯಲ್ಲಿ ಗಾಡಿ ಇಳಿದಾಗ ನೋಡಿದರೆ ಸಾಬಮ್ಮನ ತಲೆಯ ಮೇಲೆ ರೊಟ್ಟಿ ಹಂಚು!

"ಇದ್ಯಾಕ ತಂದಿ?"

"ನಿನ್ನ ಮಾತಿನ ಮ್ಯಾಲ ಭರೋಸಾ ಅದ ಯವ್ವಾ. ಗಂಡಸರ ಹೊಟ್ಟಿ ಮ್ಯಾಲ ಇಲ್ಲ."

ಗಂಡಸರು ಒಂದು ಡೇರೆ ಎಬ್ಬಿಸಿ ಅದರ ನೆರಳಲ್ಲೇ ಕುಳಿತುಬಿಟ್ಟರು. ಎರಡನೆಯದು ತಾಯಂದಿರ ಪಾಲಿಗೆ ಬಂತು. ಖಾಸೀಂಬಿ ಸೆರಗು ಬಿಗಿದು ಗೂಟ ಬಡಿಯಲು ಕೊಡತಿ ಎತ್ತಿದಳು. "ತೋಬಾ! ಗೂಟ ಅಂದ್ರ ಎಮ್ಮಿ ಕಟ್ಟಾಕಷ್ಟ ಅಂತ ಮಾಡಿದ್ದೆ!" ಸಾಬಮ್ಮ ನಡುಗಂಬಕ್ಕೆ ಹೆಗಲು ಕೊಟ್ಟಳು. ಮಥುರಾಬಾಯಿ ದೊಡ್ಡ ಹಗ್ಗ ಹಿಡಿದು ಹಿಂದಕ್ಕೆ ವಾಲಿದಳು. ಹೊಳೆಯ ಗಾಳಿ ನುಗ್ಗಿ ಬಟ್ಟೆ ಬುರ್ರೆಂದು ಉಬ್ಬಿತು. ಮೂವರೂ ಚೀರಿದರು, ಮದುವೆಯಾದ ಮೇಲೆ ಇಷ್ಟು ದೊಡ್ಡ ದನಿ ತೆಗೆದದ್ದು ಅವರಿಗೆ ನೆನಪಿರಲಿಲ್ಲ.

ಒಲೆಯ ಕಡೆ ಹೊಗೆಯೇ ಹೊಗೆ. ಹುಡುಗರು ತಟ್ಟಿದ ರೊಟ್ಟಿ ಎತ್ತುವಷ್ಟರಲ್ಲಿ ಹರಿಯುತ್ತಿತ್ತು, ಹರಿಯದ್ದು ಕರಕಾಗುತ್ತಿತ್ತು.

"ಏನ್ರಿ ಮಾಸ್ತರ, ರೊಟ್ಟಿ ಉಣ್ಣಾಕೋ, ಗ್ವಾಡಿಗೆ ಹಚ್ಚಾಕೋ?" ಬೀರಣ್ಣ ಕೂಗಿದ. ಗಂಡಸರೆಲ್ಲ ಗೊಳ್ಳೆಂದರು. ಒಂದಿಬ್ಬರು ಎದ್ದು ರುಮಾಲು ಝಾಡಿಸಿಕೊಂಡರು.

ಮಾಸ್ತರ ಹೆಂಡತಿಯ ಹತ್ತಿರ ಓಡಿಬಂದರು. "ಏ, ಕೇಳಿಲ್ಲಿ. ನಾಕು ರೊಟ್ಟಿ ಬಡದ ಕೊಡು. ಮಂದಿ ಎದ್ದ ಹೋದ್ರ ಪಡೆ ಮುಗದಂಗ."

"ಸ್ಕೌಟ್ ತನ್ನ ಕೆಲಸ ತಾನ ಮಾಡ್ಕೋಬೇಕು ಅಂತ ಮುಂಜಾನಿ ಭಾಷಣ ಮಾಡಿದ್ರಲ್ಲ?"

"ಅದು ಹುಡುಗರಿಗೆ ಹೇಳಿದ್ದು!"

"ಅವರ ಮಾಡಾಕತ್ತಾರಲ್ರಿ."

ಮಾಸ್ತರ ಹಲ್ಲು ಕಚ್ಚಿ ಒಲೆಯ ಬಳಿಗೆ ಮರಳಿದರು. ಅಲ್ಲಿಂದ ಇವಳ ಕಡೆಗೇ ನೋಡುತ್ತ ಜೋರಾಗಿ ಶೀಟಿ ಊದಿದರು.

ಖಾಸೀಂಬಿಯ ಕೊಡತಿ ಮೇಲೆತ್ತಿದಲ್ಲೇ ನಿಂತಿತು. ಸಾಬಮ್ಮನ ಒಂದು ಕೈ ಆಗಲೇ ಕಂಬ ಬಿಟ್ಟು, ಪಕ್ಕದಲ್ಲಿದ್ದ ಹಂಚಿನ ಕಡೆ ಚಾಚಿತ್ತು. ಇಬ್ಬರೂ ಮಥುರಾಬಾಯಿಯ ಮುಖವನ್ನೇ ನೋಡಿದರು.

ನಾಲ್ಕು ರೊಟ್ಟಿ ಅವಳಿಗೆ ಯಾವ ಲೆಕ್ಕ? ಅಂಗೈ ಆಗಲೇ ಹಿಟ್ಟಿಗೆ ತುರಿಸುತ್ತಿತ್ತು. ಹೋಗಿ ಕುಳಿತರೆ ಗಂಡಸರು ಉಂಡು ತೇಗುತ್ತಾರೆ, ಗಂಡನ ಮರ್ಯಾದೆ ಉಳಿಯುತ್ತದೆ. ಅವಳ ಹಿಂದೆಯೇ ಇವರಿಬ್ಬರೂ ಬಂದು ಒಲೆಯ ಮುಂದೆ ಕೂಡುತ್ತಾರೆ, ಅವಳು ಕೊಟ್ಟ ಮಾತು ಸುಳ್ಳಾಗುತ್ತದೆ. ಹೋಗದಿದ್ದರೆ ಏನಾಗುತ್ತದೋ, ಅದು ಅವಳಿಗೂ ಗೊತ್ತಿರಲಿಲ್ಲ.

ಶೀಟಿ ಮತ್ತೊಮ್ಮೆ ಕೂಗಿತು.

ಮಥುರಾಬಾಯಿ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಹಿಮ್ಮಡಿಯನ್ನು ಉಸುಕಿನಲ್ಲಿ ಊರಿದಳು.

"ಹೊಡೀರಿ ಖಾಸೀಂಬಿ, ಗೂಟ ಇನ್ನಾ ಸಡ್ಲ ಅದ."