ಪೂರ್ತಿ ಹಸಿರಾದ ಪಟ್ಟಿ

ಕಾರವಾರದ ಹಬ್ಬುವಾಡದಲ್ಲಿ ಕೂತು ಊರವರಿಗೆ ವೆಬ್ ಪುಟ ಕಟ್ಟಿಕೊಡುವ ಪುಂಡಲೀಕನಿಗೆ ಈಗ ನಲವತ್ತೊಂಬತ್ತು. ಅವನ ಪುಟಗಳನ್ನು ಎರಡನೇ ಸಲ ನೋಡುವವನು ಅವನೊಬ್ಬನೇ.

ನಿಜವಾಗಿ ಬೇಕಾದ ಪುಟವೊಂದನ್ನು ಮೊದಲ ಸಲ ಕೇಳಿದವಳು ಬೆಳಂಬಾರದ ಅವನ ಅಕ್ಕ ಹೀರಾ. ಹೆಂಗಸರು ಮೀನು ಒಣಗಿಸುವ ಮರಳಿನ ಮೇಲೆ ವಾಹನ ನಿಲ್ದಾಣ ಬರುವುದಿತ್ತು. ಸೋಮವಾರ ಸಂಜೆಯೊಳಗೆ ಇನ್ನೂರು ಮನೆಯವರು ಹೆಸರು ಕೊಟ್ಟರಷ್ಟೇ ತಕರಾರು ಅರ್ಜಿಯನ್ನು ಮುಟ್ಟುತ್ತೇವೆಂದು ಅಂಕೋಲೆಯ ತಾಲೂಕು ಕಚೇರಿ ಹೇಳಿತ್ತು.

ಪುಂಡಲೀಕ ಫೋನಿನಲ್ಲೇ ಹೆಸರು ತುಂಬುವ ಪುಟ ಮಾಡಿದ. ಮೇಲೊಂದು ಪ್ರೋಗ್ರೆಸ್ ಬಾರ್, ಅಂದರೆ ಹೆಸರು ಬಂದಷ್ಟೂ ತುಂಬುತ್ತ ಹೋಗುವ ಪಟ್ಟಿ; ಪಕ್ಕದಲ್ಲಿ ಎಷ್ಟು ಮನೆಯಾಯಿತೆಂಬ ಅಂಕಿ. ಗುರುವಾರ ಒಂದೇ ದಿನ ನಲವತ್ತೊಂದು ಮನೆ! ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಬ್ರೌಸರ್ ತಾನಾಗಿ ಕೊಟ್ಟ ಬಡಪಾಯಿ ಪಟ್ಟಿ ಅವನ ಕಲಾಹೃದಯಕ್ಕೆ ಒಗ್ಗಲಿಲ್ಲ. ಹಸಿರು ಬಳಿದ, ಅಂದ ಕೆಡುತ್ತದೆಂದು ಅಂಕಿ ಕಿತ್ತ. ಈ ಪಟ್ಟಿಗೆ ಬಣ್ಣ ಕೊಡಲು ಫೈರ್‌ಫಾಕ್ಸಿಗೊಂದು, ಕ್ರೋಮಿಗೊಂದು ಎಂದು ಬೇರೆ ಬೇರೆ ಸಿಎಸ್ಎಸ್ ಸಾಲು ಬರೆಯಬೇಕು. ಊರವರ ಫೋನಿನಲ್ಲೆಲ್ಲ ಇರುವ ಕ್ರೋಮಿನಲ್ಲಿ ತುಂಬಿದ ಭಾಗಕ್ಕೆ ಬಳಿಯಬೇಕಾದ ಹಸಿರನ್ನು ಅವನು ಹಿಂದಿನ ಖಾಲಿ ಪಟ್ಟಿಗೂ ಬಳಿದುಬಿಟ್ಟ. ತನ್ನ ಫೈರ್‌ಫಾಕ್ಸಿನಲ್ಲಿ ನೋಡಿದ, ಚಂದ ಕಂಡಿತು, ಮಲಗಿದ.

ಶುಕ್ರವಾರದಿಂದ ಒಂದು ಹೆಸರೂ ಬರಲಿಲ್ಲ. ತನ್ನ ಪುಟ ಯಾರೂ ನೋಡದಿರುವುದು ಇಪ್ಪತ್ತು ವರ್ಷದ ರೂಢಿಯಾದ್ದರಿಂದ ಅವನು ಅನುಮಾನಪಡಲೂ ಇಲ್ಲ. ಸೋಮವಾರ ಸಂಜೆ ಅಂಕೋಲೆಯ ಕಚೇರಿ ಅವನು ಒಯ್ದ ನಲವತ್ತೊಂದು ಹೆಸರನ್ನು ಹಾಗೇ ಹಿಂದಿರುಗಿಸಿತು. ಅಲ್ಲಿಂದ ನೇರ ಬೆಳಂಬಾರಕ್ಕೆ ಹೋದ.

‘ಎಂತಕಕ್ಕಾ, ಯಾರೂ ಹೆಸ್ರು ಹಾಕ್ಲಿಲ್ಲ?’

‘ಎಂತಕೆ ಹಾಕೂದು ತಮಾ? ಶುಕ್ರವಾರವೇ ತುಂಬಿತ್ತಲ್ಲ!’ ಹೀರಾ ಫೋನು ಚಾಚಿದಳು. ಈ ತುದಿಯಿಂದ ಆ ತುದಿಗೆ ಹಸಿರು.

ಪಕ್ಕದ ಮನೆಯ ಕಿಶನ ನಕ್ಕ. ‘ನಾ ಹಾಕೂಕೆ ಹೋಗಿದ್ದೆ ಮಾರಾಯಾ. ತುಂಬಿದ್ದಕ್ಕೆ ಕೈ ಹಾಕ್ತ್ಯಾ, ನಾಚ್ಕೆ ಇಲ್ವಾ ಅಂತ ಹೆಂಡ್ತಿ ಬೈದ್ಲು.’

ಊರವರು ಸೇರಿ ದಡದಿಂದ ರಂಪಣಿಯೆಂಬ ದೊಡ್ಡ ಬಲೆ ಎಳೆಯುವಾಗ ಹಗ್ಗಕ್ಕೆ ಸಾಕಷ್ಟು ಕೈ ಸೇರಿದ ಮೇಲೆ ಅಲ್ಲಿ ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಮೊದಲು ಬಂದವರ ಪಾಲಿನ ಮೀನಿಗೆ ಕೈಯಿಟ್ಟಂತೆ. ಅದೇ ಊರಿನಲ್ಲಿ ಹುಟ್ಟಿದ ಪುಂಡಲೀಕನಿಗೆ ಇದು ಗೊತ್ತಿಲ್ಲದ್ದಲ್ಲ.

ನಡೆದದ್ದನ್ನು ಹೇಳಿದ. ಕಿಶನನ ನಗು ನಿಂತಿತು.

‘ಈಗ ಹಾಕಿದ್ರೆ ಆಗೂದಿಲ್ವನಾ?’ ಎಂದಳು ಹೀರಾ.

‘ಇಲ್ಲಕ್ಕಾ.’

ಅಲ್ಲೇ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಒಂದು ಸಾಲು ತಿದ್ದಿದ. ಈಗ ಎಲ್ಲ ಬ್ರೌಸರಿನಲ್ಲೂ ಸರಿಯಾಗಿ ಕಂಡಿತು: ಐದರಲ್ಲೊಂದು ಪಾಲು ಹಸಿರು, ಉಳಿದದ್ದೆಲ್ಲ ಮರಳಿನ ಬಣ್ಣ.

ಹೀರಾ ಬಗ್ಗಿ ನೋಡಿದಳು. ‘ಈಗ ಚಂದ ಕಾಣ್ತದೆ’ ಎಂದವಳೇ, ಬುಟ್ಟಿ ಎತ್ತಿಕೊಂಡು ಒಣಗಿದ ಮೀನು ಆಯಲು ಮರಳಿಗಿಳಿದಳು.